ಗಡ್ಡದ ಇವಾನ್, ಗರಿಯ ಕಿರೀಟದ ಮುಖಂಡ: ಇಬ್ಬರೂ ಒಬ್ಬರೇ

ಪ್ರಶ್ನೆ: ಇತ್ತೀಚೆಗೆ 1933ರ ‘ಕಿಂಗ್ ಕಾಂಗ್’ ನೋಡಿದೆ. ಅದರ ಹಿಂದೆಯೇ ‘ದಿ ಮೋಸ್ಟ್ ಡೇಂಜರಸ್ ಗೇಮ್’ ಕೂಡ ನೋಡಿದೆ. ಮೊದಲನೆಯದರಲ್ಲಿ ದ್ವೀಪದ ಮುಖಂಡನಾಗಿ ಬರುವವರೂ ಎರಡನೆಯದರಲ್ಲಿ ಗಡ್ಡದ ರಷ್ಯನ್ ಸೇವಕನಾಗಿ ಬರುವವರೂ ಒಬ್ಬರೇ ನಟ, ಅವರು ಕಪ್ಪು ಜನಾಂಗದವರು ಎಂದು ಗೆಳೆಯನೊಬ್ಬ ಹೇಳುತ್ತಾನೆ. ನನಗೆ ನಂಬಿಕೆ ಬರುತ್ತಿಲ್ಲ. ಇದು ನಿಜವೇ? ಆ ಕಾಲದ ಅಮೆರಿಕದಲ್ಲಿ ಕಪ್ಪು ನಟನಿಗೆ ಬಿಳಿಯನ ಪಾತ್ರ ಹೇಗೆ ಸಿಕ್ಕಿತು? ಇಷ್ಟು ಕೆಲಸ ಮಾಡಿದವರ ಹೆಸರು ನಾವು ಯಾಕೆ ಕೇಳಿಲ್ಲ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ನಿಜ. ಅವರ ಹೆಸರು ನೋಬಲ್ ಜಾನ್ಸನ್. ಅನುಮಾನವಿದ್ದರೆ ಎರಡೂ ಚಿತ್ರಗಳನ್ನು ಒಂದೇ ಸಂಜೆ ಇನ್ನೊಮ್ಮೆ ಹಾಕಿಕೊಂಡು, ಮುಖ ಬಿಟ್ಟು ಮೈಕಟ್ಟು ನೋಡಿ. 6 ಅಡಿ 2 ಇಂಚು ಎತ್ತರ, ಸುಮಾರು 97 ಕಿಲೋ ತೂಕದ ಆಳು. ಹಡಗು ಒಡೆದು ದಡ ಸೇರಿದ ನಾಯಕನಿಗೆ ಕೋಟೆಯ ಬಾಗಿಲು ತೆಗೆದು ಮಾತಿಲ್ಲದೆ ನಿಲ್ಲುವ ಇವಾನ್‌ನ ಭುಜ, ಹೊರಗಿನವರನ್ನು ಕಂಡು ಪೂಜೆ ನಿಲ್ಲಿಸಿ ಮೆಟ್ಟಿಲಿಳಿದು ಬರುವ ಮುಖಂಡನ ಭುಜ, ಎರಡೂ ಒಂದೇ ಎಂದು ಆಗ ನಿಮಗೇ ತಿಳಿಯುತ್ತದೆ. ಇನ್ನೊಂದು ವಿಷಯ ಹೇಳಲೇಬೇಕು. ಎರಡೂ ಚಿತ್ರಗಳ ಕಾಡೂ ಒಂದೇ. ಆರ್‌ಕೆಓ ಸ್ಟುಡಿಯೋದಲ್ಲಿ ಹಾಕಿದ್ದ ಒಂದೇ ಕಾಡಿನ ಸೆಟ್‌ನಲ್ಲಿ ಎರಡನ್ನೂ ತೆಗೆದರು. ಫೇ ರೇ, ರಾಬರ್ಟ್ ಆರ್ಮ್‌ಸ್ಟ್ರಾಂಗ್ ಕೂಡ ಎರಡರಲ್ಲೂ ಇದ್ದಾರೆ. ಅವರನ್ನು ನೀವು ಸುಲಭವಾಗಿ ಗುರುತಿಸಿದ್ದೀರಿ, ಜಾನ್ಸನ್ ಅವರನ್ನು ಗುರುತಿಸಲಿಲ್ಲ. ನಿಮ್ಮ ಕಡೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಮೊದಲು ‘ಹೇಗೆ’ ಎಂಬುದನ್ನು ಹೇಳಿಬಿಡುತ್ತೇನೆ. ಜಾನ್ಸನ್ ಅವರದು ತಿಳಿ ಮೈಬಣ್ಣ. ಅಮೆರಿಕದ ಕಪ್ಪು ಸಮುದಾಯದಲ್ಲಿ ಇದು ಅಪರೂಪವೇನಲ್ಲ. ಅಲ್ಲಿ ಕಪ್ಪು ಎನ್ನುವುದನ್ನು ಚರ್ಮದ ಛಾಯೆಗಿಂತ ಹೆಚ್ಚಾಗಿ ವಂಶ ನೋಡಿ ನಿರ್ಧರಿಸುತ್ತಿದ್ದರು. ಅದರ ಮೇಲೆ ಆಗಿನ ಚಿತ್ರಗಳೆಲ್ಲ ಕಪ್ಪು ಬಿಳುಪು. ಮೂಕಿ ಕಾಲದಲ್ಲಿ ಬಳಸುತ್ತಿದ್ದ ಫಿಲ್ಮ್‌ಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ; ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗುತ್ತಿತ್ತು, ನೀಲಿ ಕಣ್ಣು ಬಿಳಿಚಿಕೊಳ್ಳುತ್ತಿತ್ತು. ಆದ್ದರಿಂದ ಬಿಳಿಯರೂ ಮುಖಕ್ಕೆ ದಪ್ಪ ಬಣ್ಣ ಬಳಿದುಕೊಂಡೇ ಕ್ಯಾಮೆರಾ ಮುಂದೆ ನಿಲ್ಲಬೇಕಿತ್ತು. 1920ರ ದಶಕದ ಕೊನೆಗೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಿಲ್ಮ್ ಬಂದಮೇಲೂ ತೆರೆಯ ಮೇಲಿದ್ದದ್ದು ಬೂದಿಯ ಹತ್ತಾರು ಛಾಯೆಗಳು ಮಾತ್ರ. ಆ ಬೂದಿಯಲ್ಲಿ ಜಾನ್ಸನ್ ಅವರನ್ನು ಯಾವ ದೇಶದವರನ್ನಾಗಿ ಬೇಕಾದರೂ ಮಾಡಬಹುದಿತ್ತು. ಗಡ್ಡ ಅಂಟಿಸಿ ಮುಖದ ಬಣ್ಣ ಇನ್ನಷ್ಟು ತಿಳಿ ಮಾಡಿದರೆ ಕೊಸಾಕ್ ಎಂಬ ರಷ್ಯದ ಸವಾರ ಪಂಗಡದವ, ಬಣ್ಣ ಗಾಢ ಮಾಡಿ ಗರಿಯ ಕಿರೀಟ ತೊಡಿಸಿದರೆ ದ್ವೀಪದ ಮುಖಂಡ.

ಇದನ್ನು ಕೇಳಿದಾಗ ‘ಹಾಗಾದರೆ ಹಾಲಿವುಡ್ ಆಗಲೇ ಬಣ್ಣದ ಭೇದ ಬಿಟ್ಟಿತ್ತಲ್ಲ’ ಅನ್ನಿಸುವುದು ಸಹಜ. ನನಗೆ ಹಾಗೆ ಅನ್ನಿಸುವುದಿಲ್ಲ. ಇವಾನ್ ಪಾತ್ರವನ್ನು ಸರಿಯಾಗಿ ನೋಡಿ: ಅವನು ಆಳು, ಅದರ ಮೇಲೆ ಮೂಗ. ಒಂದು ಮಾತೂ ಆಡದ, ಮೈಬಲಕ್ಕಷ್ಟೇ ಬೇಕಾದ ಬಿಳಿಯನ ಪಾತ್ರವದು. ಮಾತಾಡುವ, ಪ್ರೀತಿಸುವ, ಗೆಲ್ಲುವ ಬಿಳಿಯನ ಪಾತ್ರ ಅವರಿಗೆ ಯಾವ ಸ್ಟುಡಿಯೋದಲ್ಲೂ ಸಿಗುತ್ತಿರಲಿಲ್ಲ. ಆದರೆ ಅದಕ್ಕೂ ಹದಿನಾರು ವರ್ಷ ಮೊದಲು, ತಮ್ಮದೇ ಮುಖದಲ್ಲಿ, ತಮ್ಮದೇ ಜನರ ನಾಯಕನಾಗಿ ನಿಲ್ಲುವ ಪಾತ್ರವನ್ನು ಅವರು ತಾವೇ ಸೃಷ್ಟಿಸಿಕೊಂಡಿದ್ದರು. ಅವರ ಬದುಕಿನಲ್ಲಿ ನಿಜಕ್ಕೂ ಹೇಳಬೇಕಾದ ಕಥೆ ಅದು. ಇವಾನ್‌ನ ಗಡ್ಡದ ಸುದ್ದಿ ಅದರ ಮುಂದೆ ಚಿಕ್ಕದು.

ಜಾನ್ಸನ್ ಹುಟ್ಟಿದ್ದು 1881ರ ಏಪ್ರಿಲ್ 18ರಂದು, ಮಿಸೂರಿ ರಾಜ್ಯದ ಮಾರ್ಷಲ್ ಎಂಬ ಊರಲ್ಲಿ. ಬೆಳೆದದ್ದು ಪರ್ವತಗಳ ಬುಡದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ತಂದೆ ಕುದುರೆ ಪಳಗಿಸುವವರು. ಹುಡುಗ ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಜೊತೆ ಕುದುರೆಗಳ ಹಿಂದೆ ಹೊರಟ, ಆಮೇಲೆ ರಾಂಚ್‌ಗಳಲ್ಲಿ ದನಗಾಹಿಯಾಗಿ ದುಡಿದ. ಶಾಲೆಯಲ್ಲಿ ಅವನ ಜೊತೆಗಾರನಾಗಿದ್ದ ಇನ್ನೊಬ್ಬ ಹುಡುಗ ಲಾನ್ ಚಾನಿ. ಮುಂದೆ ‘ಸಾವಿರ ಮುಖಗಳ ಮನುಷ್ಯ’ ಎಂದು ಲೋಕವೇ ಕೊಂಡಾಡಿದ ನಟ. ಒಂದೇ ಊರಿನ, ಒಂದೇ ಶಾಲೆಯ ಇಬ್ಬರು ಹುಡುಗರು, ಇಬ್ಬರೂ ಬದುಕಿನುದ್ದಕ್ಕೂ ಮುಖ ಬದಲಿಸಿಯೇ ಅನ್ನ ಸಂಪಾದಿಸಿದರು. ಒಬ್ಬನಿಗೆ ಅದು ಬಿರುದಾಯಿತು. ಇನ್ನೊಬ್ಬನಿಗೆ ಏನಾಯಿತು ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ.

ಸಿನಿಮಾ ಅವರ ಬಾಳಿಗೆ ಬಂದದ್ದು ಆಕಸ್ಮಿಕವಾಗಿ. 1914ರಲ್ಲಿ ಫಿಲಡೆಲ್ಫಿಯಾದ ಲುಬಿನ್ ಕಂಪನಿಯ ತಂಡ ಚಿತ್ರೀಕರಣಕ್ಕೆಂದು ಕೊಲೊರಾಡೊಗೆ ಬಂತು. ಅವರ ನಟನೊಬ್ಬನಿಗೆ ಪೆಟ್ಟಾಯಿತು. ಆ ಜಾಗಕ್ಕೆ ಕುದುರೆ ಬಲ್ಲ, ಗಟ್ಟಿ ಮೈಯ ಸ್ಥಳೀಯನೊಬ್ಬ ಬೇಕಾಗಿತ್ತು. ಜಾನ್ಸನ್ ಅಮೆರಿಕದ ಮೂಲನಿವಾಸಿಯ ವೇಷ ತೊಟ್ಟು ನಿಂತರು. ಅವರ ತೆರೆಯ ಬದುಕು ಶುರುವಾದದ್ದೇ ಬೇರೆ ಜನಾಂಗದವನ ವೇಷದಿಂದ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಬೇಗನೆ ಅವರು ಲಾಸ್ ಏಂಜಲೀಸ್ ಸೇರಿದರು. ಯೂನಿವರ್ಸಲ್ ಕಂಪನಿಯ ಸಾಹಸ ಚಿತ್ರಗಳಲ್ಲಿ, ವಾರವಾರ ಬರುವ ಸೀರಿಯಲ್‌ಗಳಲ್ಲಿ ಕೆಲಸ ಸಿಕ್ಕಿತು.

ಆಗ ಅಮೆರಿಕದ ತೆರೆಯ ಮೇಲೆ ಏನು ನಡೆಯುತ್ತಿತ್ತು ಎನ್ನುವುದು ಗೊತ್ತಿಲ್ಲದಿದ್ದರೆ ಮುಂದಿನದರ ತೂಕ ತಿಳಿಯುವುದಿಲ್ಲ. 1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಬಂತು. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಕಪ್ಪು ಜನರನ್ನು ಕಾಮುಕರಾಗಿ, ಮೂರ್ಖರಾಗಿ ಆಡಿ ತೋರಿಸಿದರು. ಅವರನ್ನು ಕೊಲ್ಲುವ, ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಸಂಘದ ಮುಸುಕುಧಾರಿಗಳು ಅದರಲ್ಲಿ ವೀರರು. ದೇಶವೇ ಮುಗಿಬಿದ್ದು ನೋಡಿತು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆ ಊರೂರಲ್ಲಿ ಪ್ರತಿಭಟಿಸಿತು. ಪ್ರತಿಭಟನೆ ಬೇಕೇ ಬೇಕಿತ್ತು. ಆದರೆ ತೆರೆಯ ಮೇಲಿನ ಸುಳ್ಳಿಗೆ ತೆರೆಯ ಮೇಲೇ ಉತ್ತರ ಕೊಡಬೇಕು ಅಂದುಕೊಂಡವರೂ ಇದ್ದರು. ಜಾನ್ಸನ್ ಅವರಲ್ಲಿ ಒಬ್ಬರು.

1916ರಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ‘ಲಿಂಕನ್ ಮೋಷನ್ ಪಿಕ್ಚರ್ ಕಂಪನಿ’ ಕಟ್ಟಿದರು. ಕಪ್ಪು ಜನರೇ ಒಡೆಯರಾಗಿ ನಡೆಸಿದ, ಅವರನ್ನು ಗೇಲಿ ಮಾಡದೆ ಅವರ ಬದುಕನ್ನು ಕಥೆಯಾಗಿಸಿದ ಮೊದಮೊದಲ ಚಿತ್ರ ಕಂಪನಿಗಳಲ್ಲಿ ಅದಕ್ಕೆ ದೊಡ್ಡ ಹೆಸರು. ಜಾನ್ಸನ್ ಅಧ್ಯಕ್ಷರು. ನಟ ಕ್ಲಾರೆನ್ಸ್ ಬ್ರೂಕ್ಸ್, ಡಾಕ್ಟರ್ ಜೇಮ್ಸ್ ಸ್ಮಿತ್ ಜೊತೆಗಿದ್ದರು. ಕ್ಯಾಮೆರಾ ಹಿಡಿದವರು ಹ್ಯಾರಿ ಗ್ಯಾಂಟ್ ಎಂಬ ಬಿಳಿಯರು. ಬಂಡವಾಳದ ಒಂದು ಭಾಗ ಎಲ್ಲಿಂದ ಬಂತು ಗೊತ್ತೇ? ಯೂನಿವರ್ಸಲ್‌ನಲ್ಲಿ ಜಾನ್ಸನ್ ವೇಷ ಹಾಕಿ ಗಳಿಸಿದ ಸಂಬಳದಿಂದ. ಅಲ್ಲಿ ಯಾರ್ಯಾರದೋ ವೇಷ ಕಟ್ಟಿ ದುಡಿದ ಹಣವನ್ನು ಇಲ್ಲಿ ತಮ್ಮ ಜನರ ಮುಖ ತೋರಿಸಲು ಸುರಿದರು.

ಅವರ ಮೊದಲ ಚಿತ್ರ ಎರಡು ರೀಲಿನ ‘ದಿ ರಿಯಲೈಸೇಶನ್ ಆಫ್ ಎ ನೀಗ್ರೋಸ್ ಆಂಬಿಷನ್’. ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಈಗ ಅದನ್ನು ನೋಡುವ ದಾರಿಯಿಲ್ಲ. ಜೇಮ್ಸ್ ಬರ್ಟನ್ ಕಪ್ಪು ವಿದ್ಯಾರ್ಥಿಗಳ ಹೆಸರಾಂತ ಟಸ್ಕಿಗಿ ಸಂಸ್ಥೆಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ಅಪ್ಪನ ಹೊಲ, ಮೆಚ್ಚಿದ ಹುಡುಗಿ, ಎರಡನ್ನೂ ಊರಲ್ಲಿ ಬಿಟ್ಟು ಕ್ಯಾಲಿಫೋರ್ನಿಯಾದ ಎಣ್ಣೆ ಬಾವಿಗಳ ಕಡೆ ಕೆಲಸ ಹುಡುಕಿ ಹೋಗುತ್ತಾನೆ. ಬಣ್ಣ ನೋಡಿ ಕೆಲಸವಿಲ್ಲ ಅನ್ನುತ್ತಾರೆ. ದಾರಿಯಲ್ಲಿ ಕುದುರೆ ಬೆದರಿ ಓಡುತ್ತಿದ್ದ ಗಾಡಿಯೊಂದನ್ನು ತಡೆದು ಹುಡುಗಿಯೊಬ್ಬಳನ್ನು ಉಳಿಸುತ್ತಾನೆ. ಅವಳು ಅದೇ ಎಣ್ಣೆ ಕಂಪನಿಯ ಮಾಲೀಕನ ಮಗಳು. ಕೆಲಸ ಸಿಗುತ್ತದೆ. ಅಲ್ಲಿ ನೆಲ ಪರೀಕ್ಷಿಸುತ್ತಿದ್ದಾಗ ಅವನಿಗೆ ಹೊಳೆಯುತ್ತದೆ: ಈ ಮಣ್ಣಿನ ಲಕ್ಷಣ ನಮ್ಮ ಹೊಲದಲ್ಲೂ ಇದೆಯಲ್ಲ! ಊರಿಗೆ ಬಂದು ಅಗೆಸುತ್ತಾನೆ, ಎಣ್ಣೆ ಸಿಗುತ್ತದೆ, ಹುಡುಗಿಯ ಕೈ ಹಿಡಿಯುತ್ತಾನೆ. ಬರ್ಟನ್ ಪಾತ್ರ ಜಾನ್ಸನ್ ಅವರದೇ. ಬೆದರಿದ ಕುದುರೆಯ ಪ್ರಸಂಗ ಕಥೆಯಲ್ಲಿ ಇರುವುದೂ ನನಗೆ ಸುಮ್ಮನೆ ಅನ್ನಿಸುವುದಿಲ್ಲ, ಅದು ಕುದುರೆಗಳ ನಡುವೆ ಬೆಳೆದ ಮಗನ ಕೈಗೆ ಒಗ್ಗಿದ ಕೆಲಸ.

ಇಂದಿನ ಕಣ್ಣಿಗೆ ಇದು ಸರಳ ಕಥೆ. ನಮ್ಮ ಐವತ್ತು ಅರವತ್ತರ ದಶಕದ ಚಿತ್ರಗಳಲ್ಲಿ ಓದಿದ ಮಗ ಹಳ್ಳಿಗೆ ಮರಳಿ ಬಾಳು ಬೆಳಗಿಸುವ ಕಥೆ ಎಷ್ಟು ನೋಡಿಲ್ಲ! ಆದರೆ 1916ರ ಅಮೆರಿಕದ ತೆರೆಯ ಮೇಲೆ ಕಪ್ಪು ಮನುಷ್ಯನೊಬ್ಬ ಎಂಜಿನಿಯರ್ ಆಗಿ, ಸ್ವಂತ ಜಮೀನಿನ ವಾರಸುದಾರನಾಗಿ, ಪ್ರೀತಿಸಿ ಮದುವೆಯಾಗುವವನಾಗಿ ಕಾಣುವುದೆಂದರೆ ನೋಡುವವರಿಗೆ ಎದೆ ತುಂಬಿ ಬರುವ ಸಂಗತಿ. ಕಪ್ಪು ಜನರ ಚಿತ್ರಮಂದಿರಗಳು, ಚರ್ಚುಗಳು, ಶಾಲೆಗಳು ಆ ಚಿತ್ರವನ್ನು ತರಿಸಿ ತೋರಿಸಿದವು.

ಅದೇ ವರ್ಷ ‘ಎ ಟ್ರೂಪರ್ ಆಫ್ ಟ್ರೂಪ್ ಕೆ’ ಬಂತು. 1916ರ ಜೂನ್‌ನಲ್ಲಿ ಮೆಕ್ಸಿಕೋದ ಕರಿಸಾಲ್ ಎಂಬಲ್ಲಿ ಅಮೆರಿಕದ ಹತ್ತನೇ ಅಶ್ವದಳ, ಅಂದರೆ ಕಪ್ಪು ಸೈನಿಕರ ದಳ, ಹೋರಾಡಿ ಹಲವರನ್ನು ಕಳೆದುಕೊಂಡಿತ್ತು. ಪತ್ರಿಕೆಗಳಲ್ಲಿ ಆ ಸುದ್ದಿಯ ಬಿಸಿ ಆರುವ ಮೊದಲೇ ಲಿಂಕನ್ ಕಂಪನಿ ಆ ಕಾಳಗವನ್ನು ತೆರೆಗೆ ತಂದಿತು. ಜಾನ್ಸನ್ ಪಾತ್ರ ಊರಲ್ಲಿ ಸೋಮಾರಿ ಅನ್ನಿಸಿಕೊಂಡ ಜೋ. ಸೈನ್ಯ ಸೇರಿ ಅವನು ಗಟ್ಟಿಗನಾಗುತ್ತಾನೆ. 1917ರಲ್ಲಿ ‘ದಿ ಲಾ ಆಫ್ ನೇಚರ್’ ಬಂತು.

ಈ ಚಿತ್ರಗಳು ಊರೂರು ತಲುಪಿದ್ದರ ಹಿಂದೆ ಇನ್ನೊಬ್ಬರ ಬೆವರಿದೆ: ಅವರ ಸಹೋದರ ಜಾರ್ಜ್ ಜಾನ್ಸನ್. ಒಮಾಹಾ ನಗರದಲ್ಲಿ ಅಂಚೆ ಇಲಾಖೆಯ ಕೆಲಸ ಅವರದು. ಕೆಲಸದ ಹೊತ್ತು ಮುಗಿದ ಮೇಲೆ ಕೂತು ಚಿತ್ರಮಂದಿರದವರಿಗೆ, ಕಪ್ಪು ಜನರ ಪತ್ರಿಕೆಗಳಿಗೆ ಕಾಗದ ಬರೆಯುತ್ತಿದ್ದರು. ಬೇರೆ ಬೇರೆ ಊರಿನ ಪತ್ರಕರ್ತರನ್ನು ಜೊತೆಗೆ ಸೇರಿಸಿಕೊಂಡು ಹಂಚಿಕೆಯ ಜಾಲವನ್ನೇ ಹೆಣೆದರು. ಹಂಚಿಕೆದಾರ ಎಂದರೆ ಇಂದು ದೊಡ್ಡ ಕಚೇರಿ ಕಣ್ಣಿಗೆ ಬರುತ್ತದೆ. ಅಂದು ಅದು ಒಬ್ಬ ಅಂಚೆ ನೌಕರನ ರಾತ್ರಿಯ ಬರವಣಿಗೆ.

ಇಲ್ಲಿಂದ ಮುಂದಿನದು ನನಗೆ ಇಂದಿಗೂ ಸಂಕಟ ಕೊಡುವ ಭಾಗ. ಜಾನ್ಸನ್ ಎರಡು ಕಡೆ ದುಡಿಯುತ್ತಿದ್ದರು: ಯೂನಿವರ್ಸಲ್‌ನಲ್ಲಿ ಪೋಷಕ ನಟ, ಲಿಂಕನ್‌ನಲ್ಲಿ ನಾಯಕ. ಕಪ್ಪು ಪ್ರೇಕ್ಷಕರಿಗೆ ಅವರೀಗ ತಮ್ಮವರೇ ಆದ ತಾರೆ. ಒಂದೇ ಬೀದಿಯ ಒಂದು ಚಿತ್ರಮಂದಿರದಲ್ಲಿ ಲಿಂಕನ್ ಚಿತ್ರ, ಇನ್ನೊಂದರಲ್ಲಿ ಯೂನಿವರ್ಸಲ್ ಸೀರಿಯಲ್ ಇದ್ದರೆ ಜನ ಯಾವುದಕ್ಕೆ ನುಗ್ಗುತ್ತಾರೆ? ತಮ್ಮ ನೋಬಲ್ ನಾಯಕನಾಗಿರುವ ಕಡೆಗೆ. ಲಿಂಕನ್ ಕಡೆಯವರು ಹೇಳಿದ ಪ್ರಕಾರ ಯೂನಿವರ್ಸಲ್‌ಗೆ ಇದು ವ್ಯಾಪಾರಕ್ಕೆ ಅಡ್ಡ ಅನ್ನಿಸಿತು, ಎರಡು ದೋಣಿ ಬೇಡ, ಒಂದನ್ನು ಆರಿಸಿಕೋ ಎಂಬ ಒತ್ತಡ ಬಂತು. 1918ರಲ್ಲಿ ಜಾನ್ಸನ್ ತಾವೇ ಕಟ್ಟಿದ ಕಂಪನಿಗೆ ರಾಜೀನಾಮೆ ಕೊಟ್ಟರು.

ಅವರು ಸೋತರು, ಮಾರಿಕೊಂಡರು ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಲಿಂಕನ್ ಕಂಪನಿಯಲ್ಲಿ ತಿಂಗಳ ಸಂಬಳ ಎಂಬುದು ಇರಲಿಲ್ಲ. ಒಂದು ಚಿತ್ರದ ಗಳಿಕೆ ಬಂದರೆ ಮುಂದಿನ ಚಿತ್ರ. ಅದರ ಬೆನ್ನಿಗೇ 1918ರ ಇನ್‌ಫ್ಲುಯೆಂಜಾ ಮಾರಿ ಬಂದು ಚಿತ್ರಮಂದಿರಗಳ ಬಾಗಿಲು ಹಾಕಿಸಿತು. ಯೂನಿವರ್ಸಲ್ ಸಂಬಳ ಬಿಟ್ಟಿದ್ದರೆ ಅವರ ಮನೆಯೂ ನಡೆಯುತ್ತಿರಲಿಲ್ಲ, ಕಂಪನಿಯೂ ನಡೆಯುತ್ತಿರಲಿಲ್ಲ. ಹೊಟ್ಟೆಪಾಡಿನ ಲೆಕ್ಕ ಹಾಕಿದವರನ್ನು ದೂರುವ ಹಕ್ಕು, ಆ ಲೆಕ್ಕ ಹಾಕಬೇಕಾಗಿ ಬರದ ನಮಗಿಲ್ಲ. ಆ ಕಂಪನಿಯ ದೊಡ್ಡ ಬಂಡವಾಳ ಅವರ ಮುಖ. ಅದನ್ನು ಹೊರಗಿನ ಒತ್ತಡ ಕಿತ್ತುಕೊಂಡಿತು ಎಂದೇ ನಾನು ಓದುತ್ತೇನೆ.

ಅವರು ಹೋದಮೇಲೆ ಕ್ಲಾರೆನ್ಸ್ ಬ್ರೂಕ್ಸ್ ನಾಯಕರಾದರು. ಜಾರ್ಜ್ ಛಲ ಬಿಡಲಿಲ್ಲ. ಅದೇ ವರ್ಷ ಅವರು ಆಸ್ಕರ್ ಮಿಶೋ ಎಂಬ ಕಾದಂಬರಿಕಾರರಿಗೆ ಪತ್ರ ಬರೆದು, ನಿಮ್ಮ ‘ದಿ ಹೋಮ್‌ಸ್ಟೆಡರ್’ ಅನ್ನು ಚಿತ್ರ ಮಾಡುತ್ತೇವೆ ಅಂದರು. ನಿರ್ದೇಶನ ನನಗೇ ಕೊಡಬೇಕು ಎಂದರು ಮಿಶೋ. ಮಾತು ಮುರಿಯಿತು. ಮಿಶೋ ಸ್ವತಃ ಹಣ ಕೂಡಿಸಿ 1919ರಲ್ಲಿ ಆ ಚಿತ್ರ ತೆಗೆದರು, ಮುಂದೆ ಮೂರು ದಶಕ ಚಿತ್ರ ತೆಗೆಯುತ್ತಲೇ ಹೋದರು. ಕಪ್ಪು ಜನರ ಸಿನಿಮಾದ ಚರಿತ್ರೆಯಲ್ಲಿ ಇಂದು ಎಲ್ಲರೂ ಮೊದಲು ಹೇಳುವ ಹೆಸರು ಅವರದು. ಲಿಂಕನ್ ಕಂಪನಿ 1921ರಲ್ಲಿ ‘ಬೈ ರೈಟ್ ಆಫ್ ಬರ್ತ್’ ಬಿಡುಗಡೆ ಮಾಡಿದ ಮೇಲೆ ಇನ್ನೊಂದು ಚಿತ್ರ ತೆಗೆಯಲಾಗದೆ ಮುಚ್ಚಿತು.

ಜಾನ್ಸನ್ ಅವರ ಇನ್ನೊಂದು ಬದುಕು ಮಾತ್ರ 1950ರವರೆಗೆ ನಡೆಯಿತು, ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ. 1921ರ ‘ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೊಕ್ಯಾಲಿಪ್ಸ್’ನಲ್ಲಿ ಆಕಾಶದಲ್ಲಿ ಕುದುರೆ ಓಡಿಸಿಕೊಂಡು ಬರುವ ನಾಲ್ವರಲ್ಲಿ ‘ವಿಜಯ’ ಎಂಬ ಸವಾರ ಅವರು. 1924ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ರಾಜಕುಮಾರಿಯ ಕೈ ಬೇಡಿ ಬರುವ ಭಾರತದ ರಾಜಕುಮಾರ. ವಿಗ್ರಹದ ಕಣ್ಣಿನಲ್ಲಿದ್ದ ಮಾಯಾ ಸ್ಫಟಿಕವನ್ನು ತರಿಸುವವನು ಅವನೇ. ಅದೇ ವರ್ಷ ಬಸ್ಟರ್ ಕೀಟನ್‌ನ ‘ದಿ ನ್ಯಾವಿಗೇಟರ್’ನಲ್ಲಿ ನರಭಕ್ಷಕರ ನಾಯಕ. 1927ರಲ್ಲಿ ಹೆಸರಾಂತ ಕಾದಂಬರಿಯ ಗುಲಾಮ ಅಂಕಲ್ ಟಾಮ್. 1930ರ ‘ಮೋಬಿ ಡಿಕ್’ನಲ್ಲಿ ಈಟಿಗಾರ ಕ್ವೀಕ್ವೆಗ್. 1932ರಲ್ಲಿ ‘ದಿ ಮಮ್ಮಿ’ಯ ನ್ಯೂಬಿಯನ್ ಸೇವಕ. 1937ರ ‘ಲಾಸ್ಟ್ ಹೊರೈಜನ್’ನಲ್ಲಿ ಹಿಮದಲ್ಲಿ ಹೊರೆಯಾಳುಗಳ ಮುಂದಾಳು. 1940ರ ‘ದಿ ಘೋಸ್ಟ್ ಬ್ರೇಕರ್ಸ್’ನಲ್ಲಿ ಎದ್ದು ನಡೆಯುವ ಹೆಣ. 1949ರಲ್ಲಿ ಜಾನ್ ಫೋರ್ಡ್ ಚಿತ್ರದಲ್ಲಿ ರೆಡ್ ಶರ್ಟ್ ಎಂಬ ಮೂಲನಿವಾಸಿ ನಾಯಕ. ಮೂವತ್ತೈದು ವರ್ಷ ಕಳೆದರೂ, ತಾವು ಶುರು ಮಾಡಿದ ವೇಷದ ಹತ್ತಿರಕ್ಕೇ ಬಂದು ನಿಂತಿದ್ದರು.

ಈ ಪಟ್ಟಿಯಲ್ಲಿ ನಮ್ಮ ಮೈಸೂರಿನವರಿಗೆ ಹತ್ತಿರವಾದದ್ದೂ ಒಂದಿದೆ. 1942ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯಾದವರು ಕಾರಾಪುರದಲ್ಲಿ ಹುಟ್ಟಿ ಮೈಸೂರು ಅರಮನೆಯ ಆನೆಲಾಯದಿಂದ ಲೋಕಕ್ಕೆ ಹೋದ ಸಾಬು. ಅದರಲ್ಲಿ ಜಾನ್ಸನ್ ಒಬ್ಬ ಸಿಖ್ ಆಗಿ ಬರುತ್ತಾರೆ. ಇಬ್ಬರದೂ ಒಂದು ರೀತಿಯಲ್ಲಿ ಒಂದೇ ಕಥೆ. ಪ್ರಾಣಿಗಳ ನಡುವೆ ಬೆಳೆದ ಹುಡುಗರು ಊರಿಗೆ ಬಂದ ಚಿತ್ರತಂಡದ ಕಣ್ಣಿಗೆ ಬಿದ್ದವರು. ಮುಂದೆ ಸಾಬು ಹೆಸರು ಪೋಸ್ಟರ್‌ನ ಮೇಲೆ ಬಂತು. ಜಾನ್ಸನ್ ಹೆಸರು ಎಷ್ಟೋ ಚಿತ್ರಗಳಲ್ಲಿ ಪಾತ್ರವರ್ಗದ ಪಟ್ಟಿಗೂ ಬರಲಿಲ್ಲ.

ಟಾಕಿ ಬಂದಮೇಲಿನ ಅವರ ಪಾತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನ್ನನ್ನು ಬಹಳ ಕಾಡುವುದು ಮಾತಿನ ವಿಷಯ. ಇವಾನ್ ಮೂಗ. ನಡೆಯುವ ಹೆಣಕ್ಕೆ ಮಾತಿಲ್ಲ. ನ್ಯೂಬಿಯನ್ ಸೇವಕ ಅಪ್ಪಣೆ ಪಾಲಿಸುವವನು. ಕಿಂಗ್ ಕಾಂಗ್‌ನ ಮುಖಂಡ ಮಾತಾಡುತ್ತಾನೆ, ಆದರೆ ಆ ನುಡಿಯನ್ನು ಹಡಗಿನ ಕ್ಯಾಪ್ಟನ್ ಅನುವಾದಿಸಿ ಹೇಳಬೇಕು: ಹೊನ್ನಿನ ಕೂದಲ ಈ ಹೆಣ್ಣಿಗೆ ಬದಲಾಗಿ ನಮ್ಮ ಆರು ಹೆಂಗಸರನ್ನು ಕೊಡುತ್ತೇನೆ ಅನ್ನುತ್ತಿದ್ದಾನೆ ಎಂದು. ಅಮೆರಿಕದಲ್ಲೇ ಹುಟ್ಟಿ ಬೆಳೆದ, ಇಂಗ್ಲಿಷೇ ತಾಯಿನುಡಿಯಾದ ಮನುಷ್ಯ ಅವರು. ಚಿತ್ರಗಳಿಗೆ ಮಾತು ಬಂದ ಕಾಲದಲ್ಲಿ ಅವರಿಗೆ ತಮ್ಮ ಮಾತನ್ನು ಆಡುವ ಅವಕಾಶ ಹೆಚ್ಚು ಕಡಿಮೆ ಸಿಗಲೇ ಇಲ್ಲ. ಲಿಂಕನ್ ಚಿತ್ರಗಳು ಮೂಕಿ. ಅಲ್ಲಿ ಎಂಜಿನಿಯರ್ ಬರ್ಟನ್‌ನ ಮಾತು ಬರಹದ ಫಲಕದಲ್ಲಿ ಬರುತ್ತಿತ್ತು, ಆದರೂ ಅದು ಅವರದೇ ನುಡಿ.

ಕ್ಲಾರೆನ್ಸ್ ಬ್ರೂಕ್ಸ್ ಅವರನ್ನು ಇಲ್ಲಿ ನೆನೆಯಬೇಕು. 1931ರಲ್ಲಿ ಜಾನ್ ಫೋರ್ಡ್‌ನ ‘ಆ್ಯರೋಸ್ಮಿತ್’ನಲ್ಲಿ ಬ್ರೂಕ್ಸ್ ಡಾಕ್ಟರ್ ಮಾರ್ಷಾಂಡ್ ಆಗಿ ಬಂದರು. ಓದಿದ, ಘನತೆಯ, ನೆಟ್ಟಗೆ ಮಾತಾಡುವ ಕಪ್ಪು ವೈದ್ಯ. ಹಾಲಿವುಡ್‌ಗೆ ಅಂಥ ಪಾತ್ರ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಬರೆಯುತ್ತಿರಲಿಲ್ಲ.

ಈಗ ನಿಮ್ಮ ಕಡೆಯ ಪ್ರಶ್ನೆ, ಹೆಸರು ಯಾಕೆ ಉಳಿಯಲಿಲ್ಲ? ನಮ್ಮ ಯಕ್ಷಗಾನದ ಬಣ್ಣದ ವೇಷ ನೆನಪಿಸಿಕೊಳ್ಳಿ. ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು ರಾಕ್ಷಸನಾಗಿ ಬಂದರೆ ಕಲಾವಿದನ ಮುಖದ ಒಂದು ಗೆರೆಯೂ ಕಾಣುವುದಿಲ್ಲ. ಆದರೂ ಗದ್ದೆಯಲ್ಲಿ ಕೂತ ಮಕ್ಕಳಿಗೂ ಅದು ಯಾರ ವೇಷ ಎಂದು ಗೊತ್ತು. ಮಹಾಲಿಂಗ ಅವರಿಗೆ ‘ಬಣ್ಣದ ಮಹಾಲಿಂಗ’ ಎಂದೇ ಹೆಸರಾಯಿತು. ವೇಷ ಅಲ್ಲಿ ಕಲಾವಿದನ ಹೆಸರನ್ನು ಹೊತ್ತು ಮೆರೆಸುತ್ತದೆ. ಲಾನ್ ಚಾನಿಗೂ ಹಾಗೇ ಆಯಿತು, ಅವರ ಸ್ಟುಡಿಯೋ ಅವರ ವೇಷವನ್ನೇ ಜಾಹೀರಾತು ಮಾಡಿತು. ಜಾನ್ಸನ್ ವಿಷಯದಲ್ಲಿ ಸ್ಟುಡಿಯೋಗಳಿಗೆ ಅದು ಬೇಕಿರಲಿಲ್ಲ. ಕೊಸಾಕ್ ಕೊಸಾಕ್ ಆಗಿಯೇ, ದ್ವೀಪದವನು ದ್ವೀಪದವನಾಗಿಯೇ ಕಾಣಬೇಕು; ಹಿಂದೆ ಒಬ್ಬ ನಟನಿದ್ದಾನೆ ಎಂಬುದು ಯಾರಿಗೂ ತಿಳಿಯಬೇಕಾಗಿರಲಿಲ್ಲ. ಅವರ ಹೆಸರು ಎತ್ತಿ ಹಿಡಿದ ಪತ್ರಿಕೆಗಳು, ಚಿತ್ರಮಂದಿರಗಳು ಕಪ್ಪು ಜನರವು. 1918ರಲ್ಲಿ ಲಿಂಕನ್ ಬಿಟ್ಟಾಗ ಆ ನಂಟು ಸಡಿಲವಾಯಿತು. ಅವರು 1978ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಯುಕೈಪಾದಲ್ಲಿ ತೀರಿಕೊಂಡಾಗ 96 ವರ್ಷ.

‘ಕಿಂಗ್ ಕಾಂಗ್’ ಮತ್ತೆ ನೋಡುವಾಗ ಒಂದು ದೃಶ್ಯದಲ್ಲಿ ನಿಲ್ಲಿಸಿ. ಆ ಎತ್ತರದ ಗೋಡೆಯ ನೆತ್ತಿಯಲ್ಲಿ ಮುಖಂಡ ನಿಂತು, ಕೈ ಎತ್ತಿ ಕಾಂಗ್‌ನನ್ನು ಕೂಗುತ್ತಾನೆ. ಕಥೆಯ ಪ್ರಕಾರ ಅವನು ಅನಾಗರಿಕ, ಹೆದರಿಸಬೇಕಾದವನು. ಆದರೆ ಜಾನ್ಸನ್ ಅಲ್ಲಿ ನಿಲ್ಲುವ ರೀತಿಯಲ್ಲಿ ಅರಸನ ಗತ್ತಿದೆ. ಬರೆದುಕೊಟ್ಟ ಪಾತ್ರದಲ್ಲಿ ಇಲ್ಲದ್ದನ್ನು ಅವರು ಮೈಯಿಂದ ತುಂಬಿದ್ದಾರೆ.

ಲಿಂಕನ್ ಚಿತ್ರಗಳು ಎಲ್ಲಿ ಸಿಗುತ್ತವೆ ಎಂದು ನೀವು ಮುಂದೆ ಕೇಳುತ್ತೀರಿ ಎಂದು ಗೊತ್ತು, ಅದಕ್ಕೂ ಹೇಳಿಬಿಡುತ್ತೇನೆ. ಜಾರ್ಜ್ ತಮ್ಮ ಕಾಗದ ಪತ್ರ, ಪತ್ರಿಕೆಯ ತುಣುಕು, ಜಾಹೀರಾತು ಎಲ್ಲವನ್ನೂ ಜೋಪಾನ ಮಾಡಿದ್ದರು. ಅವು ಇಂದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಈ ಕಂಪನಿಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಅಂಚೆ ನೌಕರ ಕೂಡಿಟ್ಟದ್ದರಿಂದ ಬಂದದ್ದು. ಚಿತ್ರಗಳು ಮಾತ್ರ ಹೋದವು. ಉಳಿದಿರುವುದು ‘ಬೈ ರೈಟ್ ಆಫ್ ಬರ್ತ್’ನ ಸುಮಾರು ನಾಲ್ಕು ನಿಮಿಷ. ಅದರಲ್ಲಿ ನೋಬಲ್ ಜಾನ್ಸನ್ ಇಲ್ಲ. ಅದು ಅವರು ಕಂಪನಿ ಬಿಟ್ಟು ಮೂರು ವರ್ಷವಾದ ಮೇಲಿನ ಚಿತ್ರ.